ಕೊಸರಿಗೆ ಕೊಟ್ಟ ತೊಟ್ಟಿ

"ಗುರುಗಳೇ, ತಾನಾಗಿ ಒಂದು ಕಾಸೂ ದುಡಿಯದ ವಸ್ತುವನ್ನು ಆಸ್ತಿ ಎಂದು ಬರೆಯಬಹುದೇ?" ಎಂದು ಸಂಗಯ್ಯ ಕೇಳಿದ.

ಹೊಳೆಯ ದಂಡೆಯ ಮನೆಯಲ್ಲಿ ತಾಯಿಯ ಜೊತೆಗಿದ್ದ ಸಂಗಯ್ಯ, ಅದೇ ಹೊಳೆಯ ಮೇಲ್ಭಾಗದ ಬಣ್ಣದ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದ. ಹೊಳೆಗೆ ಬಿಡುವ ಕೊಳೆನೀರನ್ನು ಶುದ್ಧ ಮಾಡುವ ಯಂತ್ರವನ್ನು ಆಸ್ತಿಯ ಪಟ್ಟಿಯಿಂದ ತೆಗೆದುಹಾಕು ಎಂದು ಯಜಮಾನ ಹೇಳಿದ್ದ. ಆಸ್ತಿಯಾದರೆ ಕಾಪಾಡಬೇಕು, ಬರೀ ಖರ್ಚಾದರೆ ಯಾವತ್ತು ಬೇಕಾದರೂ ನಿಲ್ಲಿಸಬಹುದು ಎಂಬುದು ಅವನ ಎಣಿಕೆ. ಮರುದಿನ ಬೆಳಿಗ್ಗೆಯೇ ಪಟ್ಟಿ ಕೊಡಬೇಕಾಗಿತ್ತು.

"ನೀನು ಲೆಕ್ಕ ಓದಿದವನು, ನಾನು ವಿಭೂತಿ ಹಚ್ಚಿಕೊಂಡು ಕೂತವನು" ಎಂದರು ಗುರುಗಳು. "ನನ್ನನ್ನು ಕೇಳಲು ಬಂದಿದ್ದೀ ಎಂದರೆ ಉತ್ತರ ನಿನಗೆ ಗೊತ್ತಿದೆ, ಧೈರ್ಯ ಸಾಲದು. ಇರಲಿ, ಚಡಪಡಿಸದೆ ಕೂತುಕೋ." ಹೀಗೆಂದು ಕತೆ ಹೇಳತೊಡಗಿದರು.

ಒಬ್ಬ ಬಣ್ಣಗಾರನಿದ್ದ. ನೇಕಾರರು ತಂದುಕೊಟ್ಟ ನೂಲಿಗೆ ಬಣ್ಣ ಹಾಕಿಕೊಡುವುದು ಅವನ ಕಸುಬು. ಅವನು ತೀರಿಕೊಂಡ ಮೇಲೆ ಮಗ ಮತ್ತು ಮಗಳು ಆಸ್ತಿ ಹಂಚಿಕೊಳ್ಳಲು ಕೂತರು. ಆ ಊರಿನಲ್ಲಿ ಒಂದು ಕಟ್ಟಳೆ. ಒಡಹುಟ್ಟಿದವರಲ್ಲಿ ಹಿರಿಯರು ಎರಡು ಪಾಲು ಮಾಡಬೇಕು, ಕಿರಿಯರು ಮೊದಲು ಆರಿಸಿಕೊಳ್ಳಬೇಕು. ಹಾಗಾಗಿ ಪಾಲು ಮಾಡುವವನು ಅಳೆದು ತೂಗಿ ಬೆಲೆ ಕಟ್ಟಬೇಕು. ಬೆಲೆ ತಪ್ಪಿದರೆ ನಷ್ಟ ಅವನದೇ.

ಅಣ್ಣ ಬುದ್ಧಿವಂತ, ನಿನ್ನ ಯಜಮಾನನ ಹಾಗೆ. ಒಂದೊಂದು ವಸ್ತುವಿನ ಮುಂದೆಯೂ ನಿಂತು, ಇದು ಎಷ್ಟು ದುಡಿಯುತ್ತದೆ ಎಂದು ಕೇಳಿಕೊಂಡ. ಹಂಡೆಗಳು ಮತ್ತು ನೂಲು ಒಣಗಿಸುವ ಅಂಗಳ ಒಂದು ಪಾಲಾಯಿತು. ಕೆಳಗಿನ ಹೊಲ, ಅದರಲ್ಲಿದ್ದ ಬಾವಿ ಇನ್ನೊಂದು ಪಾಲು. ಉಳಿದದ್ದು ಎರಡರ ನಡುವಿನ ತೊಟ್ಟಿಗಳು. ಹಂಡೆಯಿಂದ ಬಂದ ಬಣ್ಣದ ನೀರು ಆ ತೊಟ್ಟಿಗಳ ಮರಳು, ಇದ್ದಿಲಿನಲ್ಲಿ ಇಳಿದು, ತಿಳಿಯಾದ ಮೇಲೆ ಕಾಲುವೆ ಸೇರುತ್ತಿತ್ತು. ಅಪ್ಪ ಕಟ್ಟಿಸಿದ್ದು.

ಅಣ್ಣ ತೊಟ್ಟಿಗಳ ಮುಂದೆಯೂ ನಿಂತ. ಅವು ಏನೂ ದುಡಿಯುವುದಿಲ್ಲ. ಮೇಲಾಗಿ ಆಗಾಗ ಮರಳು ಬದಲಿಸಬೇಕು, ಅದಕ್ಕೆ ಆಳು ಬೇಕು. ಇದು ಆಸ್ತಿಯಲ್ಲ, ಕಾಟ ಎಂದುಕೊಂಡ. ತರಕಾರಿಯವಳು ಕೊನೆಗೆ ಎರಡು ಎಸಳು ಕರಿಬೇವು ಹಾಕುವಂತೆ, ತೊಟ್ಟಿಗಳನ್ನು ಹೊಲದ ಪಾಲಿಗೆ ಕೊಸರಾಗಿ ಸೇರಿಸಿದ. ತಂಗಿ ಹೊಲವನ್ನೇ ಆರಿಸಿಕೊಂಡಳು. ಅಣ್ಣನಿಗೆ ಒಳಗೊಳಗೇ ಖುಷಿಯಾಯಿತು.

ಮರಳು ಬದಲಿಸುವ ಕಾಲ ಬಂತು. ಖರ್ಚಿನಲ್ಲಿ ಅರ್ಧ ಕೊಡು ಎಂದು ತಂಗಿ ಹೇಳಿಕಳುಹಿಸಿದಳು. ನನ್ನ ಪಾಲಿನಲ್ಲಿ ಇಲ್ಲದ್ದಕ್ಕೆ ನಾನೇಕೆ ಕೊಡಲಿ ಎಂದ ಅಣ್ಣ. ಅವಳು ತಕರಾರು ಮಾಡಲಿಲ್ಲ. ತೊಟ್ಟಿಯ ಬಾಯಿಗೆ ಹಲಗೆ ಇಳಿಸಿ ಮುಚ್ಚಿದಳು.

ಅಣ್ಣ ಅದನ್ನು ಗಮನಿಸಲೇ ಇಲ್ಲ. ಅಷ್ಟರಲ್ಲಿ ಹಂಡೆಗಳಿಗೆ ಬೆಂಕಿ ಹಾಕಿ ಆಗಿತ್ತು. ಇಡೀ ನೇಕಾರರ ಕೇರಿಯ ನೂಲು ಅವುಗಳಲ್ಲಿತ್ತು. ಬಣ್ಣ ಹಿಡಿದ ನೂಲನ್ನು ಹೊತ್ತಿಗೆ ಸರಿಯಾಗಿ ತೊಳೆಯದಿದ್ದರೆ ಅದು ಕೆಟ್ಟುಹೋಗುತ್ತದೆ. ತೊಳೆಯಬೇಕಾದರೆ ಹಂಡೆಯ ನೀರು ಹೊರಗೆ ಹೋಗಬೇಕು. ಬಿಟ್ಟ ನೀರು ಹಲಗೆಗೆ ಬಡಿದು, ತಿರುಗಿ ಬಂದು ಅಂಗಳದಲ್ಲಿ ನಿಂತಿತು. ನೂಲು ಕೈಮೀರುತ್ತಿದೆ ಎಂದು ಆಳುಗಳು ಒಳಗಿನಿಂದ ಕೂಗುತ್ತಿದ್ದರು. ಅದು ಹಾಳಾದರೆ ಕೇರಿಯ ಮಗ್ಗಗಳು ನಿಲ್ಲುತ್ತವೆ. ಆಮೇಲೆ ಒಬ್ಬ ನೇಕಾರನೂ ಅವನ ಬಾಗಿಲಿಗೆ ಬರುವುದಿಲ್ಲ.

ಅಣ್ಣನಿಗೆ ಸಿಟ್ಟು ನೆತ್ತಿಗೇರಿತು. ತೊಟ್ಟಿಯ ಗೊಡವೆಯೇ ಬೇಡ, ನೀರು ನೇರವಾಗಿ ಕಾಲುವೆಗೆ ನುಗ್ಗಲಿ ಎಂದು ಗುದ್ದಲಿ ಹಿಡಿದು ಅಂಗಳದ ಬದು ಕಡಿಯಲು ಹೊರಟ. ತಂಗಿ ಓಡಿಬಂದು ಬದುವಿನ ಕೆಳಗೆ ನಿಂತಳು. ಅವಳ ಹಿಂದೆ ಕಾಲುವೆ, ಕಾಲುವೆಯ ಪಕ್ಕದಲ್ಲೇ ಬಾವಿ. ಎರಡೂ ಮನೆಗಳಿಗೆ ಕುಡಿಯುವ ನೀರು ಆ ಬಾವಿಯದೇ.

"ಕಡಿ ಅಣ್ಣಾ" ಎಂದಳು. "ಸಂಜೆ ಅತ್ತಿಗೆ ಕೊಡ ತಂದಾಗ ನೀನೇ ಸೇದಿಕೊಡು."

ಎತ್ತಿದ ಗುದ್ದಲಿ ಎತ್ತಿದಂತೆಯೇ ಇತ್ತು. ಅವನಿಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಒಳಗೆ ಕೂಗು ಹೆಚ್ಚುತ್ತಿತ್ತು. ಗುದ್ದಲಿ ಕೆಳಗಿಟ್ಟು, "ಹಲಗೆ ತೆಗೆಯಮ್ಮ. ತೊಟ್ಟಿಗೆ ಏನು ಬೆಲೆ ಕೇಳುತ್ತೀಯೋ ಕೇಳು" ಎಂದ.

"ಬೆಲೆ ಕಟ್ಟುವವನು ನೀನಲ್ಲವೇ? ಇನ್ನೊಮ್ಮೆ ಕಟ್ಟು."

ಅಣ್ಣ ಹಂಡೆಗಳ ಕಡೆ ನೋಡಿದ, ತೊಟ್ಟಿಯ ಕಡೆ ನೋಡಿದ. "ಹಂಡೆಗೆ ಎಷ್ಟೋ ಅಷ್ಟೇ" ಎಂದ. ತಂಗಿ ಹಲಗೆ ಎತ್ತಿದಳು. ಅರ್ಧ ನೂಲು ಉಳಿಯಿತು. ಕೆಟ್ಟ ಅರ್ಧಕ್ಕೆ ಅಣ್ಣ ನೇಕಾರರಿಗೆ ಹೊಸ ನೂಲು ಕೊಂಡುಕೊಟ್ಟ.

ಗುರುಗಳು ಕತೆ ನಿಲ್ಲಿಸಿದರು.

"ತಿಳಿಯಿತು ಗುರುಗಳೇ. ತೊಟ್ಟಿ ಇರುವುದರಿಂದಲೇ ಹಂಡೆ ದುಡಿಯುತ್ತದೆ, ಆದ್ದರಿಂದ ಅದೂ ಆಸ್ತಿಯೇ. ಆದರೆ ಹಾಗೆ ಬರೆದರೆ ನಾಳೆಯೇ ನನ್ನ ಕೆಲಸ ಹೋಗುತ್ತದೆ. ಮತ್ತೆ ನಾನು ಎಲ್ಲಿಗೆ ಹೋಗಲಿ?"

ಗುರುಗಳು ಎದ್ದು ನಿಂತು ಕೇಳಿದರು: "ಹಾಗೆ ಬರೆಯದಿದ್ದರೆ, ನಿನ್ನ ತಾಯಿ ನೀರಿಗೆ ಎಲ್ಲಿಗೆ ಹೋಗಬೇಕು?"