ಮರ ನುಂಗಿದ ವರ್ಷ

“ಕೇಳಿರಪ್ಪೋ ಕೇಳಿ! ಕೇತರಸ ದೊರೆಗಳ ಅಪ್ಪಣೆ! ರಾಜಕುಮಾರಿ ಮಾಚಲೆ ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ರಾಜಕುಮಾರಿಯ ಕೈ, ಅರ್ಧ ರಾಜ್ಯ. ತಪ್ಪಿದವನ ತಲೆ ಕೋಟೆ ಬಾಗಿಲಿಗೆ!”

ಡಂಗುರದವನು ಹೀಗೆ ಕೂಗುತ್ತ ಹೋದಾಗ ಮಾಚಲೆ ಉಪ್ಪರಿಗೆಯಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದಳು. ಒಗಟು ಅವಳದು, ತಲೆಯ ಷರತ್ತು ಅಪ್ಪನದು. ಅವಳಿಗೆ ಗಂಡನೂ ಬೇಕಿರಲಿಲ್ಲ, ರಾಜ್ಯವೂ ಬೇಕಿರಲಿಲ್ಲ. ತನ್ನ ಅಣ್ಣ ಸುಳ್ಳುಗಾರನಲ್ಲ ಎಂದು ಯಾರಾದರೂ ತೋರಿಸಿಕೊಟ್ಟರೆ ಸಾಕಿತ್ತು.

ಹನ್ನೆರಡು ವರ್ಷದ ಹಿಂದೆ ಅಣ್ಣ ಬೊಪ್ಪ ಕುಂತಿಬೆಟ್ಟದ ಸೀಮೆಗೆ ಹೋಗಿದ್ದವನು, ಅಪ್ಪನನ್ನು ಒಂದು ಮಾತೂ ಕೇಳದೆ ಅರಮನೆಯ ಕಣಜ ಒಡೆಸಿ ಜನಕ್ಕೆ ರಾಗಿ ಹಂಚಿಬಿಟ್ಟ. ಮಳೆ ಬರಲಿಲ್ಲ, ಜನ ಸಾಯುತ್ತಿದ್ದರು ಎಂದ. ಆಸ್ಥಾನದವರು ದೊರೆಯ ಕಿವಿ ಊದಿದರು: ಇದು ದಂಗೆಗೆ ಜನ ಕೂಡಿಸುವ ಹೂಟ, ಮಳೆಯೇನೋ ಬಂದಿದೆ. ಆ ನಾಡಿನಲ್ಲಿ ಇಂಥ ಜಗಳ ಬಂದರೆ ಮರವನ್ನು ಕೇಳುವುದು ರೂಢಿ. ತೇಗದ ಮರ ವರ್ಷಕ್ಕೊಂದು ಬಳೆ ಕಟ್ಟುತ್ತದೆ. ಮಳೆ ಬಂದ ವರ್ಷದ್ದು ಅಗಲ, ಬಾರದ ವರ್ಷದ್ದು ಕಿರಿದು. ದೊರೆಯ ಬಡಗಿ ಬೆಟ್ಟಕ್ಕೆ ಹೋಗಿ, ಟೊಳ್ಳು ಬೈರಿಗೆ ಹಾಕಿ, ತೊಗಟೆಯಿಂದ ತಿರುಳಿನವರೆಗೆ ಕಿರುಬೆರಳು ದಪ್ಪದ ಕಡ್ಡಿಯೊಂದನ್ನು ಎಳೆದು ತಂದ. ತೊಗಟೆಗೆ ಅಂಟಿದ ಕೊನೆಯ ಬಳೆ ಧಾರಾಳವಾಗಿ ಅಗಲವಿತ್ತು.

“ಮರ ಸುಳ್ಳು ಹೇಳುತ್ತದೆಯೇನೋ?” ಎಂದು ದೊರೆ ಮಗನ ತಲೆ ತೆಗೆಸಿದ.

ಹಿಂದಿನ ದಿನ ಸೆರೆಮನೆಯ ಸರಳಿನಾಚೆ ನಿಂತು ಬೊಪ್ಪ ತಂಗಿಗೆ ಹೇಳಿದ್ದ: “ಬಡಗಿ ಮೋಸ ಮಾಡಿಲ್ಲ ಮಾಚಿ. ಒಳ್ಳೆ ಮರವನ್ನೇ ಆರಿಸಿದ್ದಾನೆ, ಸರಿಯಾದ ಮಗ್ಗುಲಿಂದಲೇ ತೆಗೆದಿದ್ದಾನೆ. ಆದರೂ ಮರ ಯಾಕೆ ಹಾಗಂತು? ನನಗೇ ಗೊತ್ತಾಗುತ್ತಿಲ್ಲ.” ಒಳ್ಳೆ ಮರ ಯಾವುದು, ಸರಿ ಮಗ್ಗುಲು ಯಾವುದು ಎಂದು ತಂಗಿಗೆ ತಿಳಿಸಿ ಹೇಳಿದ. ಮರ ಯಾಕೆ ಹಾಗಂತು ಎಂಬ ಮೂರನೆಯದಕ್ಕೆ ಉತ್ತರವಿಲ್ಲದೆಯೇ ಸತ್ತ. ಆ ಮೂರನ್ನೇ ಅವಳು ಈಗ ಒಗಟು ಮಾಡಿದ್ದಳು.

ಮೊದಲು ಬಂದವನು ನೆರೆನಾಡಿನ ಅರಸುಮಗ. ಮೈತುಂಬ ಒಡವೆ, ಬಾಯಿತುಂಬ ತಾಂಬೂಲ. ಮಾಚಲೆ ಕೇಳಿದಳು: “ಕಾಡಿನಲ್ಲಿ ಸಾವಿರ ಸಾಕ್ಷಿಗಳಿವೆ. ಎಲ್ಲವೂ ಮಳೆ ಕಂಡಿವೆ, ಬಿಸಿಲು ಕಂಡಿವೆ. ಯಾರ ಮಾತು ಕೇಳಬೇಕು?”

“ಹೊಳೆದಂಡೆಯ ಮಹಾವೃಕ್ಷದ್ದು! ಎಲ್ಲಕ್ಕಿಂತ ದೊಡ್ಡದು ಅದೇ ಅಲ್ಲವೇ?” ಎಂದ. ದೊಡ್ಡವರ ಮಾತೇ ನಡೆಯುವ ಮನೆಯಲ್ಲಿ ಬೆಳೆದವನು, ಪಾಪ. ಅವನ ತಲೆ ಹೋಯಿತು.

ಎರಡನೆಯವನು ದಂಡನಾಯಕನ ಮಗ, ಮೊದಲನೆಯದನ್ನು ದಾಟಿದ. ಮಾಚಲೆ ಎರಡನೆಯದನ್ನು ಕೇಳಿದಳು: “ಇಳಿಜಾರಿನಲ್ಲಿ ನಿಂತ ಸಾಕ್ಷಿಯನ್ನು ಯಾವ ಕಡೆಯಿಂದ ಮಾತಾಡಿಸಬೇಕು?”

“ಎದುರಿನಿಂದ! ಗಂಡಸಾದವನು ಎದುರಿಗೇ ನಿಲ್ಲಬೇಕು.”

ಅವನ ತಾಯಿ ಕೋಟೆ ಬಾಗಿಲಲ್ಲಿ ಹೊರಳಾಡಿ ಅತ್ತ ಸದ್ದು ಅಂತಃಪುರಕ್ಕೆ ಕೇಳಿಸಿತು. ಅಣ್ಣನ ಹೆಸರಿಗಾಗಿ ತಾನು ಇನ್ನೊಬ್ಬಳ ಮಗನನ್ನು ಕೊಂದೆ ಎಂದು ಮಾಚಲೆ ಅನ್ನ ಬಿಟ್ಟಳು. ಒಗಟು ನಿಲ್ಲಿಸಿಬಿಡಿ ಎಂದು ಕೇಳಿಕೊಂಡಳು. ದೊರೆ ಒಪ್ಪಲಿಲ್ಲ.

ಆಗ ಬಂದವನು ಕುಂತಿಬೆಟ್ಟದಲ್ಲಿ ಜೇನು ಕೀಳುವ ಜಡೆಯ ಎಂಬವನು. ಮೈಮೇಲೆ ಹರಕು ಕಂಬಳಿ. “ಹೋಗಪ್ಪ, ಮನೆಗೆ ಹೋಗು” ಎಂದಳು ಮಾಚಲೆ. ಅವನು ಹೋಗಲಿಲ್ಲ. ಮೊದಲ ಒಗಟು ಕೇಳಿಸಿಕೊಂಡು ಹೇಳಿದ:

“ಹೊಳೆದಂಡೆ ಮರ ಹೊಟ್ಟೆ ತುಂಬಿದ್ದು ಅಮ್ಮಣ್ಣಿ. ಮಳೆ ಬಂದ್ರೂ ಒಂದೇ, ಬರ್ದಿದ್ರೂ ಒಂದೇ. ಬಂಡೆ ಮ್ಯಾಲೆ ಬೇರು ಬಿಟ್ಟು ಕುಳ್ಳಾಗಿ ಒದ್ದಾಡೋ ಮರ ಅದೆಯಲ್ಲ, ಅದನ್ನ ಕೇಳ್ಬೇಕು. ಒಂದು ಹನಿ ಕಮ್ಮಿಯಾದ್ರೂ ಅದಕ್ಕೆ ಗೊತ್ತಾಯ್ತದೆ.”

“ಯಾವ ಕಡೆಯಿಂದ?”

“ಪಕ್ಕದಿಂದ. ಇಳಿಜಾರಿನ ಮರ ಬೀಳದಂಗೆ ತಡ್ಕಂಡು ತಡ್ಕಂಡು ಮೇಲ್ಕಡೆ ಒಂಥರ, ಕೆಳಕಡೆ ಒಂಥರ ಬೆಳೆದಿರ್ತದೆ. ಅಲ್ಲಿ ಮಳೆ ಕತೆ ಸಿಕ್ಕಾಕಿಲ್ಲ, ಅದರ ಸೊಂಟನೋವಿನ ಕತೆ ಸಿಕ್ತದೆ.”

ಮಾಚಲೆ ಮೂರನೆಯದನ್ನು ಕೇಳಿದಳು: “ಒಳ್ಳೆಯ ಸಾಕ್ಷಿಯನ್ನೇ ಆರಿಸಿದೆವು. ಸರಿಯಾದ ಕಡೆಯಿಂದಲೇ ಕೇಳಿದೆವು. ಆದರೂ ಅದು, ಆ ವರ್ಷ ಏನೂ ಆಗಲಿಲ್ಲ ಎಂದಿತು. ಯಾಕೆ?”

ಭಟರು ಕತ್ತಿಯ ಹಿಡಿಗೆ ಕೈ ಹಾಕಿದರು.

“ನಮ್ಮವ್ವ ನಾವು ಹುಟ್ಟಿದಾಗಿಂದ ಬಂದ ವರ್ಷಗಳನ್ನೆಲ್ಲ ಸಲೀಸಾಗಿ ಎಣಿಸ್ತಾಳೆ” ಎಂದ ಜಡೆಯ, ದೊರೆಯ ಕಡೆ ತಿರುಗಿ. “ಆ ಬರದ ವರ್ಷ ಮಾತ್ರ ಎಣಿಸಾಕಿಲ್ಲ. ಆವಾಗ ನನ್ನ ತಂಗಿ ಸತ್ತಳು. ಅವಳನ್ನ ಕೇಳಿದೋರು, ಏನೂ ಆಗಿಲ್ಲ ಅನ್ಕೊಂಡೇ ಹೋಗ್ತಾರೆ. ಮರಾನೂ ಅಂಗೇ ಇರ್ಬೇಕು. ಬಡಗಿಯೋರನ್ನ ನನ್ ಜೊತೆ ಕಳಿಸಿ ಬುದ್ಧಿ, ತೋರಿಸ್ತೀನಿ.”

ಅವರು ಎರಡು ಕಡ್ಡಿ ತಂದರು. ಒಂದು, ಬಡಗಿ ಹಿಂದೆ ಕೊರೆದಿದ್ದ ಬಂಡೆಯ ಮರದ್ದೇ. ಇನ್ನೊಂದು, ಅದಕ್ಕಿಂತ ತುಸು ಕೆಳಗೆ, ಒಂದಿಷ್ಟು ಮಣ್ಣಿದ್ದ ಕಡೆ ನಿಂತ ಮರದ್ದು. ಬಡಗಿಯೇ ದೊರೆಯ ಮುಂದೆ ಎರಡನ್ನೂ ಪಕ್ಕಪಕ್ಕ ಇಟ್ಟು, ತೊಗಟೆಯಿಂದ ಒಳಕ್ಕೆ ಹೊಂದಿಸುತ್ತ ಹೋದ. ಅಗಲಕ್ಕೆ ಅಗಲ, ಕಿರಿದಿಗೆ ಕಿರಿದು. ಹನ್ನೆರಡನೆಯ ಬಳೆಗೆ ಬಂದಾಗ ತಾಳ ತಪ್ಪಿತು. ಬಂಡೆಯ ಮರದ ಕಡ್ಡಿಯನ್ನು ಒಂದು ಬಳೆಯಷ್ಟು ಸರಿಸಿದ. ಅಲ್ಲಿಂದಾಚೆ ಮತ್ತೆ ಎಲ್ಲವೂ ಕೂಡಿಬಂತು.

ಎರಡನೆಯ ಕಡ್ಡಿಯಲ್ಲಿ, ಆ ಜಾಗದಲ್ಲಿ, ಕೂದಲೆಳೆಯಂಥ ಒಂದೇ ಒಂದು ಗೆರೆಯಿತ್ತು.

“ಬಂಡೆ ಮರಕ್ಕೆ ಆ ವರ್ಷ ಬಳೆ ಕಟ್ಟೋಕೂ ತ್ರಾಣ ಇರ್ಲಿಲ್ಲ ಬುದ್ಧಿ” ಎಂದ ಜಡೆಯ. “ನೀವು ಕಂಡ ಕೊನೇ ಬಳೆ ಅದರ ಹಿಂದಿನ ವರ್ಷದ್ದು.”

ಬಡಗಿ ನೆಲದ ಮೇಲೆ ಕುಸಿದು ತಲೆ ಚಚ್ಚಿಕೊಂಡ. ದೊರೆ ಆ ಕೂದಲೆಳೆಯ ಮೇಲೆ ಬೆರಳಾಡಿಸುತ್ತಲೇ ಇದ್ದ. ಇಷ್ಟು ವರ್ಷ ಈ ಗಳಿಗೆಗಾಗಿ ಕಾದಿದ್ದ ಮಾಚಲೆಗೆ ಸಂತೋಷವೇ ಆಗಲಿಲ್ಲ. ಅಣ್ಣ ಇವತ್ತು ಸತ್ತ ಹಾಗೆ ಆಯಿತು. ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

“ಅರ್ಧ ರಾಜ್ಯ ನಿನ್ನದು, ಕುಂತಿಬೆಟ್ಟದ ಕಣಜವೂ ನಿನ್ನದು. ಕೊಟ್ಟ ಮಾತಿನಂತೆ ಮಗಳೂ...” ಎಂದ ದೊರೆ.

“ಕಣಜಕ್ಕೆ ಬೀಗ ಹಾಕಾಕಿಲ್ಲ ಅಂದ್ರೆ ತಕ್ಕತೀನಿ. ಮದುವೆ ಮಾತು ಈಗ ಬ್ಯಾಡ. ಅಮ್ಮಣ್ಣಿ ಅಳ್ಲಿ ಬುದ್ಧಿ.”

ಮಾಚಲೆ ಕಣ್ಣೊರೆಸಿಕೊಂಡು ಕೇಳಿದಳು: “ನೀನು ನನ್ನ ಅಣ್ಣನನ್ನು ನೋಡಿದ್ದೆಯಾ?”

“ನೋಡಿದ್ದೆ. ಸಣ್ಣೋನು ನಾನು. ರಾಗಿ ಕೈಗೆ ಬಿದ್ದಿದ್ದೇ ಹಸೀದೇ ಮುಕ್ಕೋಕೆ ಹೋದೆ. ಅವರು ನನ್ ಕೈ ಹಿಡ್ಕಂಡು, ‘ಮೆಲ್ಲಗೆ ತಿನ್ನೋ, ಹೊಟ್ಟೆ ನೋಯುತ್ತೆ’ ಅಂದ್ರು. ನಾನು ತಿಂದು ಮುಗ್ಸೋವರ್ಗೂ ಪಕ್ಕದಲ್ಲೇ ಕುಂತಿದ್ರು.”

ದೊರೆ ಸಿಂಹಾಸನದಿಂದ ಇಳಿದು ಬಂದು, ಆ ಹರಕು ಕಂಬಳಿಯವನ ಮುಂದೆ ನೆಲದ ಮೇಲೆ ಕೂತ.

“ಏನಂದ ಅಂದೆ, ನನ್ನ ಮಗ? ಇನ್ನೊಂದು ಸಲ ಹೇಳಪ್ಪ” ಎಂದ.