ಬಾಯಿ ಮುಚ್ಚಿಸಲು ಬಂದ ಮರಿ

ಒಂದು ಇಲಿಯ ಮಿದುಳಿನ ಮುಂತುದಿಯಲ್ಲಿ, ಮೂಗಿಗೆ ಬಂದ ವಾಸನೆಯನ್ನು ಕೂಗಿ ಹೇಳುವ ಹಳೆಯ ನರಕೋಶವೊಂದಿತ್ತು. ಇಲಿ ಹುಟ್ಟಿದಾಗಿನಿಂದ ಅಲ್ಲಿ ತಾನೇ ಯಜಮಾನ ಎಂಬುದು ಅದರ ಎಣಿಕೆ. ಒಂದು ದಿನ, ಮಿದುಳಿನ ಒಳಗಡೆ ಹೊಸದಾಗಿ ಹುಟ್ಟಿದ ಮರಿಕೋಶಗಳು ಒಂದರ ಮೈ ಹಿಡಿದು ಇನ್ನೊಂದು ತೆವಳುತ್ತಾ, ಸಾಲಾಗಿ ಅಲ್ಲಿಗೆ ಬಂದವು.

"ಅಜ್ಜಾ, ನಿಮ್ಮ ಪಕ್ಕ ಒಂದಿಷ್ಟು ಜಾಗ ಕೊಡಿ" ಎಂದಿತು ಮುಂದಿದ್ದ ಮರಿ.

"ನಿನಗೆ ಯಾವ ವಾಸನೆ ಗೊತ್ತು?"

"ಯಾವುದೂ ಗೊತ್ತಿಲ್ಲ. ಕೂಗುವವರನ್ನು ಸುಮ್ಮನಿರಿಸುವುದಷ್ಟೇ ನನ್ನ ಕೆಲಸ."

"ನನ್ನ ಮನೆಗೇ ಬಂದು ನನ್ನ ಬಾಯಿ ಮುಚ್ಚಿಸುತ್ತೀಯಾ? ಕೆಲಸ ಸಿಗದ ಮರಿಗಳು ಇಲ್ಲಿ ಬದುಕುವುದಿಲ್ಲ, ತಿಳಿದಿರಲಿ!"

ಮರಿ ವಾದಕ್ಕಿಳಿಯಲಿಲ್ಲ. ಹಳೆಯದರ ಮಗ್ಗುಲಿಗೇ ಅಂಟಿಕೊಂಡು ಬೆಳೆಯಿತು.

ಕೆಲವು ವಾರಗಳ ಮೇಲೆ ಇಲಿ ಒಂದು ಅಡುಗೆಮನೆಗೆ ನುಗ್ಗಿತು. "ಕೊಬ್ಬರಿ! ಕೊಬ್ಬರಿ!" ಎಂದು ಹಳೆಯ ಕೋಶ ಗಂಟಲು ಹರಿಯುವಂತೆ ಕೂಗಿತು. ಇಲಿ ಹಿಂದೆಮುಂದೆ ನೋಡದೆ ಓಡಿತು. ಆಗ ಮರಿ ತನ್ನ ಎಳೆಯನ್ನು ಚಾಚಿ ಹಳೆಯದರ ಬಾಯಿ ಒತ್ತಿಹಿಡಿಯಿತು. ಕೂಗು ಅಡಗಿದೊಡನೆ, ಮೂಲೆಯಲ್ಲಿದ್ದ ಬಡಕಲು ಕೋಶವೊಂದರ ದನಿ ಕೇಳಿಸಿತು. ಪಾಪ, ಅದು ಆಗಿನಿಂದಲೂ ಹೇಳುತ್ತಲೇ ಇತ್ತು: "ಬೆಕ್ಕು."

ಇಲಿ ಗಕ್ಕನೆ ನಿಂತು, ಬಂದ ದಾರಿಯಲ್ಲೇ ಬಿಲಕ್ಕೆ ಓಡಿತು.

ಹಳೆಯ ಕೋಶ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಿತು.

"ಹತ್ತಿರ ಬಾ ಮಗು. ನಾಳೆಯೂ ನಾನು ಕೂಗುತ್ತೇನೆ, ಸುಮ್ಮನಿರಲು ನನಗೆ ಬರುವುದಿಲ್ಲ. ನೀನು ಮಾತ್ರ ಕೈಬಿಡಬೇಡ."