ಊರಿಗೆ ಮರಳಿದವನು

ಗವಿಸಿದ್ಧ ಅಮೆರಿಕದ ಆದಿಕಾಲದ ಚರಿತ್ರೆ ಬರೆಯುತ್ತಿದ್ದ. ತುಂಗಭದ್ರೆಯ ದಡದ ಆಶ್ರಮಕ್ಕೆ ಬಂದು ಗುರು ಮರುಳಾರಾಧ್ಯರ ಬಳಿ ಸೇರಿದ ಮೇಲೂ ಆ ಕೆಲಸ ಬಿಟ್ಟಿರಲಿಲ್ಲ. ಬಿಡು ಎಂದು ಗುರುಗಳೂ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಬಂದು ಕೂತವನು, ಬರವಣಿಗೆ ನಿಂತುಹೋಗಿದೆ ಎಂದ. ಒಬ್ಬ ಮನುಷ್ಯನ ಹತ್ತಿರ ಬಂದು ನಿಂತಿದೆಯೆಂದು ಅವನ ಕಥೆ ಹೇಳಿದ.

ನಾನೂರು ವರ್ಷಗಳ ಹಿಂದೆ ಬಿಳಿಯರು, ಅಮೆರಿಕದ ಮೂಲನಿವಾಸಿಯಾದ ಆ ಮನುಷ್ಯನನ್ನು ಅವನ ಕಡಲತೀರದಿಂದ ಹಡಗಿನಲ್ಲಿ ಹಿಡಿದೊಯ್ದು ಪರದೇಶದಲ್ಲಿ ಮಾರಿದರು. ಹೇಗೋ ಪಾರಾಗಿ, ವರ್ಷಗಳು ಕಳೆದ ಮೇಲೆ ಅವನು ತಿರುಗಿ ಬಂದ. ಊರಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹಡಗುಗಳ ಜೊತೆ ಬಂದ ರೋಗ ಎಲ್ಲರನ್ನೂ ಗುಡಿಸಿಕೊಂಡು ಹೋಗಿತ್ತು. ಹೂಳುವವರಿಲ್ಲದೆ ಎಲುಬುಗಳು ಬಯಲಲ್ಲೇ ಬಿದ್ದಿದ್ದವು.

ಆಮೇಲೆ ಇನ್ನೊಂದು ಹಡಗಿನ ಬಿಳಿಯರು ಬಂದು ಅದೇ ನೆಲದಲ್ಲಿ ಮನೆ ಕಟ್ಟಿಕೊಂಡರು. ಮೊದಲ ಚಳಿಗಾಲದಲ್ಲೇ ಅವರಲ್ಲಿ ಅರ್ಧ ಜನ ಸತ್ತರು. ಉಳಿದವರಿಗೆ ಮೆಕ್ಕೆಜೋಳ ಬಿತ್ತುವುದನ್ನು ಕಲಿಸಿದವನು ಈ ಮನುಷ್ಯ.

"ಯಾಕೆ ಕಲಿಸಿದ, ಗುರುಗಳೇ? ಅದು ತಿಳಿಯದೆ ನನ್ನ ಕೈ ಮುಂದಕ್ಕೆ ಹೋಗುತ್ತಿಲ್ಲ."

ಆಶ್ರಮ ಸೇರುವ ಮುಂಚೆ ಆ ದೇಶಕ್ಕೆ ಹೋಗಿ ಇತಿಹಾಸಕಾರರನ್ನೂ ಇದನ್ನೇ ಕೇಳಿದ್ದ. ಒಬ್ಬರು ಅದು ಕರುಣೆ ಎಂದರು. ಇನ್ನೊಬ್ಬರು ನಕ್ಕು, ಕರುಣೆ ಎಲ್ಲಿಯದು, ಎರಡೂ ಕಡೆಯ ಭಾಷೆ ಬಲ್ಲವನಿಗೆ ಅಧಿಕಾರದ ಆಸೆ ಹುಟ್ಟಿತು ಎಂದರು. ಮೂರನೆಯವರು ಅಲ್ಲಿನ ಮೂಲನಿವಾಸಿಗಳಿಗೇ ಸೇರಿದ ಮುದುಕಿ. ಅವರು ಇವನ ಮುಖ ನೋಡಿ, ನಿನ್ನ ಮನೆಯಲ್ಲಿ ಯಾರಾದರೂ ಸತ್ತಿದ್ದಾರಾ ಎಂದು ಕೇಳಿದ್ದರು. ಇವನು ಉತ್ತರ ಕೊಡದೆ ಎದ್ದು ಬಂದಿದ್ದ.

"ಹೇಳಬೇಕಿತ್ತು," ಎಂದರು ಗುರುಗಳು.

ಕೊರೊನಾ ವರ್ಷ ಗವಿಸಿದ್ಧ ಬಳ್ಳಾರಿಯ ಆಸ್ಪತ್ರೆಯಲ್ಲಿ ಬಿದ್ದಿದ್ದಾಗ, ಗಂಗಾವತಿಯ ಬಾಡಿಗೆ ಮನೆಯಲ್ಲಿ ಹೆಂಡತಿಯೂ ಮಗಳೂ ತೀರಿಕೊಂಡಿದ್ದರು. ಕೊನೆಗೆ ಮುಖ ನೋಡಲೂ ಸಿಗಲಿಲ್ಲ. ಎಲ್ಲಿ ಮಣ್ಣು ಮಾಡಿದರೆಂದು ಯಾರೂ ಸರಿಯಾಗಿ ಹೇಳಲಿಲ್ಲ. ಆ ಮನೆಯ ಕಡೆ ಅವನು ಮತ್ತೆ ಕಾಲಿಟ್ಟಿರಲಿಲ್ಲ.

"ಆ ಮನೆ ನೋಡಿಕೊಂಡು ಬಾ."

"ಅಲ್ಲೀಗ ಬೇರೆ ಯಾರೋ ಇದ್ದಾರೆ."

"ಅದಕ್ಕೇ ಹೋಗು."

ಹೋದ. ಹೊಸ್ತಿಲಾಚೆ ಯಾರದೋ ಒಗ್ಗರಣೆಯ ಘಾಟು. ಮಗಳು ಆಡುತ್ತಿದ್ದ ಕಟ್ಟೆಯ ಮೇಲೆ ಯಾರದೋ ಮಕ್ಕಳ ಚಪ್ಪಲಿ. ಇವರೂ ಹಾಳಾಗಿ ಹೋಗಲಿ ಎಂದು ಮನಸ್ಸಿನಲ್ಲೇ ಶಪಿಸಿದ. ಪಕ್ಕದ ಸಂದಿಯಿಂದ ಹಿತ್ತಲಿಗೆ ನಡೆದ. ಮನೆಯ ಹೆಂಗಸು ಕೈಪಂಪು ಒತ್ತಿ ಒತ್ತಿ ಸೋತು ನಿಂತಿದ್ದಳು. ನೀರು ಏರುತ್ತಿರಲಿಲ್ಲ.

ಗವಿಸಿದ್ಧ ಒಂದು ತಂಬಿಗೆ ನೀರನ್ನು ಪಂಪಿನ ಬಾಯಿಗೆ ಸುರಿದು, ಹಿಡಿಕೆಯನ್ನು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಒತ್ತಬೇಕೆಂದು ತೋರಿಸಿಕೊಟ್ಟ. ಅವನ ಹೆಂಡತಿ ಹಾಗೆ ಒತ್ತುತ್ತಿದ್ದಳು. ಕೊಡ ತುಂಬಿತು. ತಾನು ಯಾರೆಂದು ಹೇಳದೆ ಹೊರಟುಬಂದ.

ಸಂಜೆ ಎಲ್ಲವನ್ನೂ ಕೇಳಿಸಿಕೊಂಡ ಗುರುಗಳು, "ಕರುಣೆ ಬಂತೋ?" ಎಂದರು.

"ಇಲ್ಲ. ಶಾಪ ಹಾಕಿದ್ದೆ."

"ಏನಾದರೂ ಸಿಕ್ಕೀತೆಂಬ ಆಸೆಯೋ?"

"ಅಲ್ಲಿ ನನ್ನದೇನು ಉಳಿದಿದೆ?"

"ಮತ್ತೆ ಯಾಕೆ ತೋರಿಸಿದೆ?"

ಗವಿಸಿದ್ಧನಿಗೆ ಇಷ್ಟು ವರ್ಷ ಬಾರದಿದ್ದ ಅಳು ಬಂತು. ಗುರುಗಳು ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ.

ಕಣ್ಣೊರೆಸಿಕೊಂಡು ಅವನು, ಪುಸ್ತಕದಲ್ಲಿ ಏನೆಂದು ಬರೆಯಲಿ ಎಂದು ಕೇಳಿದ.

"ತಿರುಗಿ ಬಂದ, ಯಾರೂ ಇರಲಿಲ್ಲ, ಬಿತ್ತುವುದನ್ನು ಕಲಿಸಿದ. ಇಷ್ಟು ಬರಿ," ಎಂದರು ಗುರುಗಳು. "ಯಾಕೆ ಎಂಬ ಜಾಗವನ್ನು ಖಾಲಿ ಬಿಡು. ಅಲ್ಲಿ ಅವನ ಊರಿನವರು ಮಲಗಿದ್ದಾರೆ."